ಗರ್ಭಕೋಶ ತೆಗೆಯುವ ಮುನ್ನ ವಂಕಿಯ ಮಾತೂ ಬರಲಿ

ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಅಕ್ಕನ ಗರ್ಭಕೋಶವನ್ನು ನಲವತ್ತೆರಡನೇ ವಯಸ್ಸಿನಲ್ಲೇ ತೆಗೆಯಲಾಯಿತು. ಮುಟ್ಟಿನ ಅತಿಸ್ರಾವದ ಹೊರತು ಬೇರೆ ಕಾರಣವನ್ನು ಯಾರೂ ಹೇಳಲಿಲ್ಲ. ‘ಮಕ್ಕಳಾಗಿವೆ, ಇನ್ನೇಕೆ ಬೇಕು?’ ಎಂಬ ಮಾತಿಗೆ ಮನೆಯವರೆಲ್ಲ ತಲೆಯಾಡಿಸಿದರು. ಅಂಡಾಶಯಗಳೂ ಜೊತೆಯಲ್ಲೇ ಹೋದವೆಂಬುದು ತಿಳಿದದ್ದು, ಮೈಕಾವು ಏರಿ ನಿದ್ದೆಗೆಟ್ಟ ಮೇಲೆ ಹಳೆಯ ಕಾಗದಗಳನ್ನು ಓದಿಸಿದಾಗ. ಕೆಲವು ವರ್ಷಗಳ ನಂತರ ತುಮಕೂರಿನಲ್ಲಿ ನನಗೂ ಅದೇ ತೊಂದರೆ ಎದುರಾಯಿತು. ವೈದ್ಯೆ ಸ್ಕ್ಯಾನಿಂಗ್ ಮತ್ತು ಗರ್ಭಕೋಶದ ಒಳಪದರದ ಪರೀಕ್ಷೆ ಮಾಡಿಸಿ, ಹಾರ್ಮೋನ್ ವಂಕಿ ಅಳವಡಿಸಿದರು. ಅಕ್ಕನಿಗೂ ನನಗೂ ಇದ್ದ ವ್ಯತ್ಯಾಸ ದೊರೆತ ಮಾಹಿತಿಯದು ಮಾತ್ರ.

ವಂಕಿ ಎಂದೊಡನೆ ನಮಗೆ ನೆನಪಾಗುವುದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವ ಕಾಪರ್-ಟಿ. ಅದರಿಂದ ಸ್ರಾವ ಹೆಚ್ಚುವುದೂ ಉಂಟು. ಹಾರ್ಮೋನ್ ವಂಕಿಯ ಕೆಲಸ ಇದಕ್ಕೆ ವಿರುದ್ಧ. ಅದರಲ್ಲಿರುವ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್, ಆರಂಭದಲ್ಲಿ ದಿನಕ್ಕೆ ಸುಮಾರು 20 ಮೈಕ್ರೊಗ್ರಾಂನಂತೆ ಗರ್ಭಕೋಶದೊಳಗೇ ಬಿಡುಗಡೆಯಾಗಿ ಒಳಪದರವನ್ನು ತೆಳುವಾಗಿಸುತ್ತದೆ.

ಇದಕ್ಕೆ ಇನ್ನೊಂದು ಉಪಯೋಗವೂ ಇದೆ. ಮುಟ್ಟು ನಿಲ್ಲುವ ಕಾಲದ ಸಂಕಟಗಳಿಗೆ ಈಸ್ಟ್ರೋಜೆನ್ ಪರಿಣಾಮಕಾರಿ ಚಿಕಿತ್ಸೆ. ಆದರೆ ಗರ್ಭಕೋಶವಿರುವ ಮಹಿಳೆಗೆ ಅದೊಂದನ್ನೇ ಕೊಟ್ಟರೆ ಒಳಪದರ ದಪ್ಪಗಾಗಿ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ. ಆದ್ದರಿಂದ ಪ್ರೊಜೆಸ್ಟೋಜೆನ್ ಜೊತೆಗಿರಲೇಬೇಕು. ಆ ರಕ್ಷಣೆಯನ್ನು ವಂಕಿ ಐದು ವರ್ಷ ನೀಡಬಲ್ಲದು. ಆಗ ಚರ್ಮಕ್ಕೆ ಹಚ್ಚುವ ಈಸ್ಟ್ರೋಜೆನ್ ಜೆಲ್ ಸಾಕು. ಮಾತ್ರೆಯಂತೆ ಅದು ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುವುದಿಲ್ಲ.

2002ರಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಅಧ್ಯಯನದ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಿದಾಗ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಭಯ ಹಬ್ಬಿತು. ಅದರಲ್ಲಿ ಪಾಲ್ಗೊಂಡವರ ಸರಾಸರಿ ವಯಸ್ಸು 63. ಅರವತ್ತರೊಳಗಿನ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಲಾಭವೇ ಹೆಚ್ಚೆಂಬುದು ಇಂದಿನ ತಿಳಿವಳಿಕೆ. ಹಾಗೆಂದು ಇದು ಎಲ್ಲರಿಗೂ ಸಲ್ಲುವ ಚಿಕಿತ್ಸೆಯಲ್ಲ. ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಕಾರಣ ತಿಳಿಯದ ಸ್ರಾವವಿದ್ದರೆ ಮೊದಲು ಪರೀಕ್ಷೆಯಾಗಬೇಕು. ವಂಕಿ ಹಾಕಿದ ಮೊದಲ ಕೆಲವು ತಿಂಗಳು ಆಗಾಗ ರಕ್ತ ಕಾಣಿಸಿಕೊಳ್ಳುವುದುಂಟು. ಆ ಕಿರಿಕಿರಿಯನ್ನು ನಾನೂ ಅನುಭವಿಸಿದ್ದೇನೆ. ಕ್ಯಾನ್ಸರ್‌ನಂಥ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆ ಅನಿವಾರ್ಯವೂ ಹೌದು.

ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ಮಾರ್ಗಸೂಚಿ ರೂಪಿಸಿದೆ. ಅದನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ನಿರ್ದೇಶನ ನೀಡಿತು. ಕಲಬುರಗಿಯ ತಾಂಡಾಗಳ ಮಹಿಳೆಯರ ಗೋಳನ್ನು ಕೇಳಿದ ರಾಜ್ಯ ನಮ್ಮದು. ಆದೇಶ ಕಡತದಲ್ಲಿದ್ದರೆ ಸಾಲದು. 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್‌ನ ವಂಕಿ ರಾಷ್ಟ್ರೀಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಅದು ಬೇಕಾದವರಿಗೆಲ್ಲ ಸಿಗುವಂತಾಗಲಿ. ಗುಬ್ಬಿ, ಕುಣಿಗಲ್ ತಾಲ್ಲೂಕು ಆಸ್ಪತ್ರೆಗಳಲ್ಲಿ ನಲವತ್ತು ದಾಟಿದ ಮಹಿಳೆಯರಿಗಾಗಿ ವಾರಕ್ಕೊಂದು ದಿನ ಸಲಹೆಯ ವ್ಯವಸ್ಥೆಯಾಗಲಿ. ಶಸ್ತ್ರಚಿಕಿತ್ಸೆಗೆ ಸಹಿ ಪಡೆಯುವ ಮೊದಲು ಬದಲಿ ಚಿಕಿತ್ಸೆಗಳನ್ನು ಕನ್ನಡದಲ್ಲಿ ವಿವರಿಸಿದ ದಾಖಲೆ ಇರಲಿ.

ಅಕ್ಕ ಈಗಲೂ ಒಮ್ಮೊಮ್ಮೆ ಕೇಳುತ್ತಾಳೆ: ‘ನಿನಗೆ ಹೇಳಿದ್ದನ್ನು ನನಗೇಕೆ ಹೇಳಲಿಲ್ಲ?’ ಇದಕ್ಕೆ ಉತ್ತರಿಸಬೇಕಾದುದು ನಾನಲ್ಲ, ನಮ್ಮ ಆರೋಗ್ಯ ವ್ಯವಸ್ಥೆ.