ತೆಂಗಿನ ಸೀಮೆಯಲ್ಲಿ ಕಡಲ ಚಿತ್ರ

ರೈಲು ನಿಲ್ದಾಣಗಳಲ್ಲಿ ಊರಿನ ಹೆಸರನ್ನು ಬರೆದಿರುವ ಹಳದಿ ಫಲಕದ ಮೇಲೆ, ಆ ಸ್ಥಳವು ಸಮುದ್ರಮಟ್ಟದಿಂದ ಎಷ್ಟು ಮೀಟರು ಎತ್ತರದಲ್ಲಿದೆ ಎಂಬುದನ್ನೂ ಬರೆಯುವುದು ವಾಡಿಕೆ. ತಿಪಟೂರು ಸಮುದ್ರಮಟ್ಟದಿಂದ 800 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಊರು. ಅಲ್ಲಿಂದ ಮಂಗಳೂರಿನ ಕಡಲತೀರಕ್ಕೆ ರಸ್ತೆಯ ಮೂಲಕ 200 ಕಿಲೋಮೀಟರಿಗಿಂತಲೂ ಹೆಚ್ಚಿನ ಹಾದಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಕಣ್ಣು ಹಾಯಿಸಿದತ್ತ ತೆಂಗಿನ ತೋಟಗಳಿವೆ. ಕೆರೆಗಳಿವೆ, ಗುಡ್ಡಗಳಿವೆ, ರಾಗಿಯ ಹೊಲಗಳಿವೆ. ಕಡಲು ಮಾತ್ರ ಇಲ್ಲ. ಇಲ್ಲಿಯ ಶಾಲೆಗಳಲ್ಲಿ ಕಲಿಯುವ ಅನೇಕ ಮಕ್ಕಳು ಕಡಲನ್ನು ಕಂಡಿರುವುದು ಪಠ್ಯಪುಸ್ತಕದ ಪುಟದಲ್ಲಿ ಅಥವಾ ದೂರದರ್ಶನದ ತೆರೆಯ ಮೇಲೆ. ಅಂಥ ಮಕ್ಕಳ ಕೈಗೆ ಒಂದು ಹಾಳೆಯನ್ನೂ ಬಣ್ಣದ ಪೆಟ್ಟಿಗೆಯನ್ನೂ ಕೊಟ್ಟು, ‘ಕಡಲನ್ನು ಕಾಪಾಡಿ’ ಎಂಬ ವಿಷಯದ ಮೇಲೆ ಚಿತ್ರ ಬರೆಯಿರೆಂದು ಹೇಳುವುದರಲ್ಲಿ ಅರ್ಥವುಂಟೆ? ಉಂಟು. ಆದರೆ ಈಗ ಬಹುಪಾಲು ಕಡೆಗಳಲ್ಲಿ ನಡೆಯುತ್ತಿರುವ ರೀತಿಯಲ್ಲಿ ಆ ಅರ್ಥ ಕೈಗೂಡುವುದು ಕಷ್ಟ.

ಮಕ್ಕಳ ಚಿತ್ರಸ್ಪರ್ಧೆ ಹೊಸ ಸಂಗತಿಯೇನಲ್ಲ. ಪ್ರಸಿದ್ಧ ವ್ಯಂಗ್ಯಚಿತ್ರಕಾರರಾದ ಕೆ. ಶಂಕರ ಪಿಳ್ಳೈ ಅವರು 1949ರಲ್ಲಿ ಮಕ್ಕಳಿಗಾಗಿ ಒಂದು ಸ್ಪರ್ಧೆಯನ್ನು ಆರಂಭಿಸಿದರು. ಮರುವರ್ಷವೇ ಅದು ಹೊರದೇಶಗಳ ಮಕ್ಕಳಿಗೂ ತೆರೆದುಕೊಂಡಿತು. ಕರ್ನಾಟಕದ ಶಾಲೆಗಳಲ್ಲಿ ನಡೆಯುವ ಪ್ರತಿಭಾ ಕಾರಂಜಿಯಲ್ಲಿ ಚಿತ್ರಕಲೆಗೂ ಸ್ಥಾನವಿದೆ. ಕಡಲನ್ನು ಕುರಿತ ಸ್ಪರ್ಧೆಗಳು ಈಚಿನವು. ವಿಶ್ವ ಸಾಗರ ದಿನವನ್ನು ಆಚರಿಸಬೇಕೆಂಬ ಸಲಹೆ 1992ರಲ್ಲಿ ಕೆನಡಾ ದೇಶದಿಂದ ಬಂದಿತು. ವಿಶ್ವಸಂಸ್ಥೆ ಅದನ್ನು 2008ರಲ್ಲಿ ಅಂಗೀಕರಿಸಿತು. 2009ರಿಂದ ಜೂನ್ 8ರಂದು ಆ ದಿನ ಆಚರಣೆಯಲ್ಲಿದೆ. ಜೂನ್ 5ರ ವಿಶ್ವ ಪರಿಸರ ದಿನಕ್ಕೂ ಇದಕ್ಕೂ ಮೂರೇ ದಿನಗಳ ಅಂತರ. ಹೀಗಾಗಿ ಶಾಲೆ ತೆರೆದ ಹೊಸತರಲ್ಲಿಯೇ ಭೂಮಿ, ನೀರು, ಕಡಲು ಎಂಬ ವಿಷಯಗಳ ಮೇಲೆ ಚಿತ್ರಸ್ಪರ್ಧೆ ಏರ್ಪಡಿಸುವುದು ಅನುಕೂಲವಾಗಿ ಪರಿಣಮಿಸಿದೆ. ಅಮೆರಿಕದಲ್ಲಿ ‘ಬೌ ಸೀಟ್’ ಎಂಬ ಸಂಸ್ಥೆಯು 2012ರಿಂದ ನಡೆಸಿಕೊಂಡು ಬಂದಿರುವ ಸ್ಪರ್ಧೆಯಲ್ಲಿ ಜಗತ್ತಿನ ಯಾವ ಮೂಲೆಯ ವಿದ್ಯಾರ್ಥಿಯಾದರೂ ಭಾಗವಹಿಸಬಹುದು; ವಯಸ್ಸು 11ರಿಂದ 18ರೊಳಗಿದ್ದರೆ ಸಾಕು. ಆ ಸ್ಪರ್ಧೆಯ ಒಂದು ನಿಯಮ ವಿಚಾರಯೋಗ್ಯವಾದುದು. ಅದನ್ನು ಮುಂದೆ ನೋಡಬಹುದು.

ಶಾಲೆಯ ಸಭಾಂಗಣದಲ್ಲಿ ಸಾಲಾಗಿ ತೂಗುಹಾಕಿದ ಚಿತ್ರಗಳನ್ನು ಒಮ್ಮೆ ನೋಡಿಕೊಂಡು ಬಂದವರಿಗೆ ಒಂದು ಸಂಗತಿ ತಾನಾಗಿ ಹೊಳೆಯುತ್ತದೆ. ಒಂದರಲ್ಲಿ ಭೂಗೋಳ ಕಣ್ಣೀರು ಸುರಿಸುತ್ತಿರುತ್ತದೆ. ಇನ್ನೊಂದರಲ್ಲಿ ಎರಡು ಕೈಗಳು ಭೂಗೋಳವನ್ನು ಎತ್ತಿ ಹಿಡಿದಿರುತ್ತವೆ. ಮತ್ತೊಂದರಲ್ಲಿ ತಿಮಿಂಗಿಲದ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಬಾಟಲಿಗಳು. ಅರ್ಧ ಭಾಗ ನೀಲಿ, ಅರ್ಧ ಭಾಗ ಕಪ್ಪು. ನೀಲಿಯಲ್ಲಿ ನಗುವ ಮೀನು, ಕಪ್ಪಿನಲ್ಲಿ ಅಳುವ ಮೀನು. ನೂರು ಚಿತ್ರಗಳಿದ್ದರೆ ಅವುಗಳ ಹಿಂದಿರುವ ಮೂಲ ಚಿತ್ರಗಳು ನಾಲ್ಕೋ ಐದೋ. ಉಳಿದವೆಲ್ಲವೂ ಅವುಗಳ ನಕಲು. ಈ ನಕಲಿನ ತಪ್ಪನ್ನು ಮಕ್ಕಳ ಮೇಲೆ ಹೊರಿಸುವುದು ನ್ಯಾಯವಲ್ಲ. ಯಾವ ಬಗೆಯ ಚಿತ್ರಕ್ಕೆ ಹಿಂದಿನ ವರ್ಷ ಬಹುಮಾನ ಬಂದಿತೆಂಬುದನ್ನು ಅವರು ಚೆನ್ನಾಗಿ ಬಲ್ಲರು. ಬಣ್ಣ ಗೆರೆಯಿಂದಾಚೆಗೆ ಚೆಲ್ಲದಿರುವುದನ್ನೂ ಅಕ್ಷರ ದುಂಡಗಿರುವುದನ್ನೂ ತೀರ್ಪುಗಾರರು ಮೆಚ್ಚುತ್ತಾರೆಂಬುದನ್ನೂ ಬಲ್ಲರು. ಕಾಣದ ತಿಮಿಂಗಿಲಕ್ಕಾಗಿ ಒಬ್ಬ ಬಾಲಕ ಮರುಕಪಡುವುದು ದೊಡ್ಡ ಮಾತೇ ಸರಿ. ಆದರೆ ಆ ಮರುಕ ಅವನದೋ, ಅವನು ನೋಡಿ ಬರೆದ ಚಿತ್ರದ್ದೋ ಎಂಬುದು ತಿಳಿಯುವಂತಿರಬೇಕು.

ಇದನ್ನು ಕಂಡ ಕೆಲವರು, ‘ತೆಂಗಿನ ಸೀಮೆಯ ಮಕ್ಕಳಿಗೆ ಕಡಲಿನ ಗೊಡವೆಯೇಕೆ? ಕೆರೆಯ ಹೂಳಿನ ಚಿತ್ರ ಬರೆಯಲಿ, ಬತ್ತಿದ ಕೊಳವೆಬಾವಿಯ ಚಿತ್ರ ಬರೆಯಲಿ’ ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದ್ದರೂ ಅದು ಅರ್ಧ ಸತ್ಯ. ಕೆರೆಯೇ ಬೇರೆ, ಕಡಲೇ ಬೇರೆ ಎಂದು ತಿಳಿದಾಗ ಮಾತ್ರ ಈ ಆಕ್ಷೇಪಣೆ ನಿಲ್ಲುತ್ತದೆ. ನೀರಿನ ದಾರಿಯನ್ನು ಹಿಡಿದು ನಡೆದು ನೋಡಿದರೆ ಹಾಗಿಲ್ಲವೆಂಬುದು ತಿಳಿಯುತ್ತದೆ. ತುರುವೇಕೆರೆಯ ಕಡೆಯ ಹಳ್ಳಗಳ ನೀರು ಶಿಂಷಾ ನದಿಯನ್ನು ಸೇರುತ್ತದೆ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಈ ನದಿ ಮಾರ್ಕೋನಹಳ್ಳಿಯ ಜಲಾಶಯವನ್ನು ದಾಟಿ ಮುಂದೆ ಕಾವೇರಿಯಲ್ಲಿ ಕೂಡುತ್ತದೆ. ಕಾವೇರಿ ತಮಿಳುನಾಡಿನ ಪೂಂಪುಹಾರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆಯ ಕಡೆ ನೀರಿನ ಮುಖವೇ ಬೇರೆ. ಅಲ್ಲಿಯ ಸುವರ್ಣಮುಖಿ ವೇದಾವತಿಗೆ ಹೋಗುತ್ತದೆ. ವೇದಾವತಿ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಅದೇ ಬಂಗಾಳ ಕೊಲ್ಲಿಗೆ. ಒಂದೇ ಸೀಮೆಯಲ್ಲಿ ಬಿದ್ದ ಎರಡು ಮಳೆಹನಿಗಳು ದಕ್ಷಿಣಕ್ಕೊಂದು ಉತ್ತರಕ್ಕೊಂದು ಬೇರೆಯಾಗಿ, ನೂರಾರು ಕಿಲೋಮೀಟರು ಸುತ್ತಿ, ಕೊನೆಗೆ ಒಂದೇ ಕಡಲಿನಲ್ಲಿ ಕೂಡುತ್ತವೆ. ಇದನ್ನು ನಕ್ಷೆಯ ಮೇಲೆ ಬೆರಳಿಟ್ಟು ಹುಡುಕಿದ ವಿದ್ಯಾರ್ಥಿಗೆ ಭೂಗೋಳದ ಒಂದು ಇಡೀ ಪಾಠ ದಕ್ಕಿದಂತೆಯೇ.

ಎಲ್ಲ ವರ್ಷಗಳಲ್ಲಿಯೂ ಈ ನೀರು ಅಷ್ಟು ದೂರ ಹರಿಯುವುದಿಲ್ಲ ಎಂಬುದು ನಿಜ. ಕೆರೆ ತುಂಬಿ ಕೋಡಿ ಬೀಳುವುದೇ ಕೆಲವು ವರ್ಷಗಳಲ್ಲಿ ಹಬ್ಬವಾಗುತ್ತದೆ. ಮಲ್ಲಾಘಟ್ಟದಂಥ ದೊಡ್ಡ ಕೆರೆ ತುಂಬಿದರೆ ಊರ ಜನ ಸಂಸಾರಸಮೇತರಾಗಿ ನೋಡಲು ಹೋಗುತ್ತಾರೆ. ಆದರೆ ಕೋಡಿ ಬೀಳದ ವರ್ಷಗಳಲ್ಲಿ ಹಳ್ಳದ ದಂಡೆಯಲ್ಲಿ ಏನೇನು ಸೇರುತ್ತದೆ? ಸಂತೆಯ ಪ್ಲಾಸ್ಟಿಕ್ ಚೀಲ, ಔಷಧಿಯ ಡಬ್ಬಿ, ಗುಟ್ಕಾ ಚೀಟಿ, ಮದುವೆಯ ಊಟದ ಲೋಟ, ತೋಟಕ್ಕೆ ಹಾಕಿದ ಹನಿ ನೀರಾವರಿಯ ಹರಿದ ಕೊಳವೆ. ಒಳ್ಳೆಯ ಮಳೆ ಬಂದ ವರ್ಷ ಆ ಹಲವು ವರ್ಷಗಳ ಕಸವೆಲ್ಲ ಒಂದೇ ರಾತ್ರಿಯಲ್ಲಿ ಕೊಚ್ಚಿಹೋಗುತ್ತದೆ. ಅಣೆಕಟ್ಟುಗಳಲ್ಲಿ ಕೆಲವು ತಡೆಯುತ್ತವೆ. ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಬಿಸಿಲಿಗೆ ಒಡೆದು ಚೂರಾಗುತ್ತದೆ, ಚೂರು ಪುಡಿಯಾಗುತ್ತದೆ, ಪುಡಿ ನೀರಿನೊಡನೆ ಸಾಗುತ್ತದೆ. ಕಡಲಾಮೆಯು ತೇಲುವ ಚೀಲವನ್ನು ಅಂಬಲಿಮೀನೆಂದು ಭ್ರಮಿಸಿ ನುಂಗುತ್ತದೆ. ಹೊನ್ನಾವರದ ಮರಳದಂಡೆಗೆ ಮೊಟ್ಟೆಯಿಡಲು ಬರುವ ಆಮೆಗಳಿಗೂ ಪೂರ್ವದ ಕಡಲಿನ ಆಮೆಗಳಿಗೂ ಒಂದೇ ಕಷ್ಟ.

ಕಡಲಿನ ಕಡೆಯಿಂದ ಬರುವುದಂತೂ ಇನ್ನೂ ದೊಡ್ಡದು. ಅರಬ್ಬೀ ಸಮುದ್ರದಿಂದ ಏಳುವ ಮೋಡಗಳು ಮಲೆನಾಡಿನಲ್ಲಿಯೇ ಬಹುಪಾಲು ಸುರಿದು, ಉಳಿದುದನ್ನು ಈ ಬಯಲಿಗೆ ತರುತ್ತವೆ. ಸೆಪ್ಟೆಂಬರ್, ಅಕ್ಟೋಬರಿನ ಮಳೆ ಕೈಹಿಡಿದರೆ ಮಾತ್ರ ಕೆರೆಗಳಿಗೆ ಜೀವ. ಮನುಷ್ಯನು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಭಾಗವನ್ನು ಕಡಲೇ ಹೀರಿಕೊಳ್ಳುತ್ತದೆ. ಕಡಲು ಬಿಸಿಯೇರಿದರೆ ಮಳೆಯ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದ ಮಳೆಯ ಬೆಲೆ ಎಷ್ಟೆಂಬುದನ್ನು, ನೆತ್ತಿಯ ಗರಿ ಒಣಗಿ ಸುಳಿ ಬಿದ್ದ ತೆಂಗಿನ ತೋಟದ ಒಡೆಯನನ್ನು ಕೇಳಬೇಕು. ತೆಂಗಾದರೂ ಎಲ್ಲಿಯದು? ಅದು ಮೂಲತಃ ಕಡಲತೀರದ ಮರ. ಅದರ ಕಾಯಿ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ತೇಲಿ ಬೇರೊಂದು ದಡದಲ್ಲಿ ಮೊಳೆಯಬಲ್ಲುದು. ಆ ಪ್ರಯಾಣಕ್ಕಾಗಿಯೇ ಅದಕ್ಕೆ ಅಷ್ಟು ದಪ್ಪನಾದ ನಾರಿನ ಸಿಪ್ಪೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗುವ ತಿಪಟೂರಿನ ಕಾಯಿಯೂ ಆ ಸಿಪ್ಪೆಯನ್ನು ಹೊದ್ದೇ ಹುಟ್ಟುತ್ತದೆ.

ಹಾಗಾದರೆ ಕಾಣದ ಕಡಲನ್ನು ಮಕ್ಕಳು ಬರೆಯುವ ಬಗೆ ಹೇಗೆ? ಇದಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ 13ನೆಯ ಶತಮಾನದ, ಹೊಯ್ಸಳ ಶೈಲಿಯ ಚೆನ್ನಕೇಶವ ದೇವಾಲಯವಿದೆ. ಅದರ ಗೋಡೆಯ ತಳಭಾಗದಲ್ಲಿ ಒಂದರ ಮೇಲೊಂದು ಸುತ್ತುವರಿದಿರುವ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣಕಥೆ ಇವುಗಳ ಜೊತೆಗೆ ಮಕರಗಳ ಸಾಲೂ ಇದೆ. ಮಕರವು ವರುಣನ ವಾಹನ, ನೀರಿನ ಪ್ರಾಣಿ. ಲೋಕದಲ್ಲಿ ಅಂಥ ಪ್ರಾಣಿ ಇಲ್ಲ. ಯಾವ ಶಿಲ್ಪಿಯೂ ಅದನ್ನು ಕಂಡವನಲ್ಲ. ಆದರೂ ಆ ಕಲ್ಲಿನ ಪ್ರಾಣಿ ಜೀವಂತವಾಗಿ ತೋರುತ್ತದೆ. ಏಕೆಂದರೆ ಆನೆಯ ಸೊಂಡಿಲು, ಹಂದಿಯ ಕಿವಿ, ನವಿಲಿನ ಬಾಲ ಎಂದು ಕಣ್ಣಾರೆ ಕಂಡ ಅಂಗಗಳನ್ನು ಕೂಡಿಸಿ ಕಾಣದ ಪ್ರಾಣಿಯನ್ನು ಕಲ್ಪಿಸಲಾಗಿದೆ. ಹಳೆಯ ವಿಗ್ರಹಗಳ ಮಾದರಿ ಶಿಲ್ಪಿಗಳ ಮುಂದೆಯೂ ಇದ್ದೀತು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಉಳಿಯ ಹಿಂದೆ ಕಣ್ಣೂ ಇತ್ತು ಎಂಬುದಷ್ಟೇ ಇಲ್ಲಿ ಮುಖ್ಯ. ಹಳ್ಳದಲ್ಲಿ ಸಿಕ್ಕಿಕೊಂಡ ಚೀಲವನ್ನು ಕಂಡ ಹುಡುಗಿ, ಅದು ಹೋಗಿ ಮುಟ್ಟುವ ಕಡಲನ್ನು ಕಲ್ಪಿಸಿಕೊಳ್ಳಬಲ್ಲಳು. ಚೀಲವನ್ನೂ ನೋಡದೆ, ಹಳ್ಳವನ್ನೂ ನೋಡದೆ ಬರೆದ ತಿಮಿಂಗಿಲಕ್ಕೆ ಆ ಜೀವ ಬರುವುದಿಲ್ಲ.

ಚಿತ್ರಕ್ಕೆ ಎಷ್ಟು ಬಲವಿದೆಯೆಂಬುದಕ್ಕೆ ಈಚಿನ ನಿದರ್ಶನವೊಂದನ್ನು ಇಲ್ಲಿ ಹೇಳಬಹುದು. ಅಜಂತದ ಗುಹೆಯಲ್ಲಿ 5ನೆಯ ಶತಮಾನದ್ದೆಂದು ಹೇಳುವ ಒಂದು ಹಡಗಿನ ಚಿತ್ರವಿದೆ. ಹಳೆಯ ಹಡಗಿನ ನಕ್ಷೆಗಳಾವುವೂ ಉಳಿದಿಲ್ಲವಾದುದರಿಂದ ಆ ಚಿತ್ರವನ್ನೇ ಆಧಾರವಾಗಿಟ್ಟುಕೊಂಡು ಭಾರತೀಯ ನೌಕಾಪಡೆಯು ಒಂದು ಹಡಗನ್ನು ಕಟ್ಟಿಸಿತು. ಅದರ ಹಲಗೆಗಳನ್ನು ಮೊಳೆಯಿಂದ ಜೋಡಿಸದೆ, ತೆಂಗಿನ ನಾರಿನ ಹುರಿಯಿಂದ ಹೊಲಿಯಲಾಗಿದೆ. ‘ಕೌಂಡಿನ್ಯ’ ಎಂಬ ಹೆಸರಿನ ಆ ಹಡಗು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಯನ್ನು ಸೇರಿತು. ಸುಮಾರು ಸಾವಿರದ ಐನೂರು ವರ್ಷಗಳ ಹಿಂದಿನ ಒಬ್ಬ ಅಜ್ಞಾತ ಚಿತ್ರಕಾರ ಹಡಗಿನ ಪಟಗಳನ್ನೂ ಚುಕ್ಕಾಣಿಯನ್ನೂ ಗಮನಿಸಿ ಬರೆದಿರದಿದ್ದರೆ ಇಂಥ ಕೆಲಸಕ್ಕೆ ಕೈಹಾಕಲು ದಾರಿಯೇ ಇರುತ್ತಿರಲಿಲ್ಲ. ತಿಪಟೂರಿನ ಸುತ್ತಿನ ಹಳ್ಳಿಗಳಲ್ಲಿ ರಾಶಿ ಬೀಳುವ ಸಿಪ್ಪೆಯನ್ನು ದಿನವೂ ಕಾಣುವ ಮಕ್ಕಳಿಗೆ ಈ ಸಂಗತಿಯನ್ನು ಹೇಳದಿರುವುದು ಲೋಭವೇ ಸರಿ. ಇಂದು ಕಡಲಿನಲ್ಲಿ ಹರಿದು ತೇಲುತ್ತ ಆಮೆ ಮೀನುಗಳನ್ನು ಸೆರೆಹಿಡಿಯುವ ನೈಲಾನ್ ಬಲೆ, ಹಗ್ಗಗಳ ಪಕ್ಕದಲ್ಲಿ, ಕಾಲಕ್ರಮದಲ್ಲಿ ಕೊಳೆತು ಮಣ್ಣಾಗುವ ನಾರಿನ ಹಗ್ಗವನ್ನು ಬರೆಯುವ ಅಧಿಕಾರ ಈ ಮಕ್ಕಳಿಗಿರುವಷ್ಟು ಮತ್ತಾರಿಗಿದೆ?

ಇನ್ನು ಸ್ಪರ್ಧೆಯ ನಿಯಮದ ಮಾತು. ಬೌ ಸೀಟ್ ಸಂಸ್ಥೆಯು ಚಿತ್ರವೊಂದನ್ನೇ ಸ್ವೀಕರಿಸುವುದಿಲ್ಲ. ತಾನು ಏನನ್ನು ತಿಳಿದುಕೊಂಡೆ, ಈ ಚಿತ್ರವನ್ನು ಏಕೆ ಹೀಗೆ ಬರೆದೆ ಎಂಬುದನ್ನು ವಿದ್ಯಾರ್ಥಿಯು ತನ್ನ ಮಾತಿನಲ್ಲಿ ಬರೆದು ಜೊತೆಗಿರಿಸಬೇಕು. ಶಾಲೆಯ ಮಟ್ಟದ ಸ್ಪರ್ಧೆಗಳಿಗೆ ಇದನ್ನು ಅಳವಡಿಸಿಕೊಳ್ಳಲು ಒಂದು ಕಾಸೂ ಖರ್ಚಿಲ್ಲ. ಸ್ಪರ್ಧೆಯ ಹಿಂದಿನ ವಾರ ಮಕ್ಕಳನ್ನು ಕೆರೆಯ ಏರಿಯ ಮೇಲೆ ನಡೆಸಿಕೊಂಡು ಹೋಗಬಹುದು; ಅವರು ಕಂಡುದನ್ನು ಅರ್ಧ ಪುಟದಲ್ಲಿ ಬರೆಯಲಿ; ಚಿತ್ರ ಅದರಿಂದ ಹುಟ್ಟಲಿ. ತೀರ್ಪುಗಾರರು ಬಣ್ಣದ ಅಚ್ಚುಕಟ್ಟನ್ನು ಎರಡನೆಯದಾಗಿಟ್ಟು, ಕಾಣುವ ಕಣ್ಣನ್ನು ಮೊದಲಿಡಲಿ. ಆಗ ದುಬಾರಿ ಬಣ್ಣದ ಪೆಟ್ಟಿಗೆ ತರಲಾರದ ಹುಡುಗನಿಗೂ ಒಂದು ಅವಕಾಶ ದೊರೆಯುತ್ತದೆ. ಚಿಪ್ಪಿನ ಇದ್ದಲು, ಕೆಮ್ಮಣ್ಣು, ಸುಣ್ಣ ಇವು ಈ ಸೀಮೆಯಲ್ಲಿ ಯಾರ ಮನೆಯಲ್ಲಿಲ್ಲ? ಚಿತ್ರಕಲಾ ಶಿಕ್ಷಕರು ಎಲ್ಲ ಶಾಲೆಗಳಲ್ಲಿಯೂ ಇಲ್ಲವೆಂಬ ಕೊರತೆಗೂ ಇದರಲ್ಲಿ ಸ್ವಲ್ಪ ಪರಿಹಾರವುಂಟು. ಏರಿಯ ಮೇಲೆ ನಡೆಸಲು ಭೂಗೋಳದ ಅಧ್ಯಾಪಕರಾದರೂ ಆದೀತು, ಕನ್ನಡದ ಅಧ್ಯಾಪಕರಾದರೂ ಆದೀತು.

ಮತ್ತೊಂದು ವಿಪರ್ಯಾಸವನ್ನು ಮುಚ್ಚಿಡುವಂತಿಲ್ಲ. ಕಡಲಿಗೆ ಪ್ಲಾಸ್ಟಿಕ್ ಸೇರಬಾರದೆಂದು ಚಿತ್ರ ಬರೆಸುವ ಸಮಾರಂಭದ ಬಾಗಿಲಲ್ಲಿ ಫ್ಲೆಕ್ಸ್ ಫಲಕ; ಮಕ್ಕಳ ಕೈಯಲ್ಲಿ ಥರ್ಮೊಕೋಲಿನ ಮಾದರಿ; ಪ್ರಶಸ್ತಿಪತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ; ಬಹುಮಾನವಾಗಿ ಹೊಳೆಯುವ ಪ್ಲಾಸ್ಟಿಕ್ಕಿನ ಬಟ್ಟಲು. ಹದಿನಾಲ್ಕು ವರ್ಷದವರ ಕಣ್ಣಿಗೆ ಇಂಥವು ತಪ್ಪದೆ ಬೀಳುತ್ತವೆ. ಹಿರಿಯರ ಮಾತಿಗೂ ನಡತೆಗೂ ಇರುವ ದೂರವನ್ನು ಅಳೆಯುವುದರಲ್ಲಿ ಆ ವಯಸ್ಸಿನವರಷ್ಟು ನಿಷ್ಠುರರು ಬೇರೆ ಇಲ್ಲ. ಬಟ್ಟೆಯ ಮೇಲೆ ಬರೆದ ಫಲಕ, ಬಹುಮಾನಕ್ಕೊಂದು ಪುಸ್ತಕ ಅಥವಾ ಒಂದು ತೆಂಗಿನ ಸಸಿ ಇಷ್ಟಾದರೆ ಸಮಾರಂಭಕ್ಕೇನೂ ಕುಂದಿಲ್ಲ.

ಬಹುಮಾನ ಹಂಚಿದ ಮೇಲೆ ಚಿತ್ರಗಳು ಎಲ್ಲಿ ಹೋಗುತ್ತವೆ ಎಂಬುದನ್ನು ಯಾರೂ ಕೇಳುವುದಿಲ್ಲ. ಹೆಚ್ಚಿನವು ಶಾಲೆಯ ಬೀರುವಿನೊಳಗೆ ಸುರುಳಿ ಸುತ್ತಿಕೊಂಡು ಮಲಗುತ್ತವೆ. ಕಡಲನ್ನು ಕುರಿತು ಎಚ್ಚರಿಸಬೇಕಾದುದು ಬೀರುವನ್ನಲ್ಲವಷ್ಟೆ. ಚೀಲಗಳು ಕೈಯಿಂದ ಕೈಗೆ ದಾಟುವ ಸಂತೆಯ ಬೀದಿ, ಬಸ್ಸು ನಿಲ್ದಾಣ, ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಅಂಗಳ ಇವೇ ಆ ಚಿತ್ರಗಳಿಗೆ ತಕ್ಕ ಗೋಡೆಗಳು. ಕೊಬ್ಬರಿಯ ಮೂಟೆ ಇಳಿಸಿ ಹರಾಜಿಗಾಗಿ ಕಾದು ಕುಳಿತ ರೈತನಿಗೆ ಹೊತ್ತು ಹೋಗಬೇಕಾಗಿರುತ್ತದೆ. ಆತ ಎದ್ದು ಬಂದು, ಚಿತ್ರದಲ್ಲಿರುವುದು ತನ್ನೂರಿನ ಕೆರೆಯ ಕೋಡಿಯೇ ಎಂದು ಗುರುತು ಹಿಡಿದರೆ, ಅದನ್ನು ಬರೆದವರು ಯಾರ ಮನೆಯ ಮಕ್ಕಳೆಂದು ತಾನೇ ವಿಚಾರಿಸಿಯಾನು.