ಕೊಂಡ ಬಟ್ಟೆ ಹಿಂದಿರುಗಿಸುವುದು: ಗ್ರಾಹಕರ ಹಕ್ಕು ಎಲ್ಲಿಯವರೆಗೆ?

ಮದುವೆ, ರೋಸ್, ಮೊದಲ ಪರಮಪ್ರಸಾದ, ಕ್ರಿಸ್ಮಸ್ ಎಂದು ನಮ್ಮ ಮನೆಗಳಲ್ಲಿ ಬಟ್ಟೆ ಖರೀದಿಗೆ ಬಿಡುವೇ ಇಲ್ಲ. ಅಂಗಡಿಯ ದೀಪದ ಬೆಳಕಿನಲ್ಲಿ ಆರಿಸಿದ ಸೀರೆ ಮನೆಯಂಗಳದ ಬಿಸಿಲಿನಲ್ಲಿ ಬೇರೆಯೇ ಬಣ್ಣ ತೋರಿಸುತ್ತದೆ. ಮಗನಿಗೆ ತಂದ ಪ್ಯಾಂಟ್ ಅವನಿಗೆ ಹಿಡಿಸುವುದಿಲ್ಲ. ಮರುದಿನ ಬಿಲ್ ಹಿಡಿದು ಅಂಗಡಿಗೆ ಹೋದರೆ ಬಿಲ್ಲಿನ ಕೆಳಗಿನ ಸಾಲನ್ನು ತೋರಿಸುತ್ತಾರೆ: 'ಮಾರಿದ ಮಾಲನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ'. ಇದು ಅನ್ಯಾಯ ಎಂದು ಗ್ರಾಹಕರು, ಇದು ನಮ್ಮ ನಿಯಮ ಎಂದು ಅಂಗಡಿಯವರು. ಇವರಲ್ಲಿ ಯಾರು ಸರಿ?

ಬಟ್ಟೆಯಲ್ಲಿ ದೋಷವಿದ್ದರೆ ಗ್ರಾಹಕರು ಸರಿ. ಬರೀ ಮನಸ್ಸು ಬದಲಾಗಿದ್ದರೆ ಹೆಚ್ಚಾಗಿ ಅಂಗಡಿಯವರೇ ಸರಿ. ಈ ಒಂದು ವ್ಯತ್ಯಾಸ ತಿಳಿಯದೆ ಹಲವರು ಇಲ್ಲದ ಹಕ್ಕಿಗಾಗಿ ಜಗಳವಾಡುತ್ತಾರೆ; ಇನ್ನು ಹಲವರು ಇರುವ ಹಕ್ಕನ್ನೂ ಬಿಟ್ಟು ಸುಮ್ಮನೆ ಮನೆಗೆ ಬರುತ್ತಾರೆ.

ನಮ್ಮ ದೇಶದಲ್ಲಿ 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಬದಲಿಗೆ 2019ರ ಹೊಸ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ದೋಷವುಳ್ಳ ಮಾಲನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಇದು 'ಅನುಚಿತ ವ್ಯಾಪಾರ ಪದ್ಧತಿ' ಎಂದು ಕರೆಯುತ್ತದೆ. ಬಿಲ್ಲಿನಲ್ಲಿ ಅವಧಿ ನಮೂದಿಸಿದ್ದರೆ ಆ ಅವಧಿಯೊಳಗೆ, ಇಲ್ಲದಿದ್ದರೆ 30 ದಿನಗಳೊಳಗೆ ಹಣ ಮರಳಿಸಬೇಕು. ಬಿಲ್ ಕೊಡದಿರುವುದೂ ಅನುಚಿತ ಪದ್ಧತಿಯೇ. ಆದ್ದರಿಂದ ಹರಿದ ಅಂಚು, ಬಿಚ್ಚಿಹೋದ ಹೊಲಿಗೆ, ಮೊದಲೇ ಇದ್ದ ಕಲೆ ಇತ್ಯಾದಿ ದೋಷಗಳಿದ್ದಲ್ಲಿ ಬಿಲ್ಲಿನ ಆ ಸಾಲನ್ನು ತೋರಿಸಿ ಅಂಗಡಿಯವರು ಕೈತೊಳೆದುಕೊಳ್ಳುವಂತಿಲ್ಲ. 'ಅಪ್ಪಟ ರೇಷ್ಮೆ' ಎಂದು ಹೇಳಿ ಪಾಲಿಯೆಸ್ಟರ್ ಕೊಟ್ಟರೆ ಅದು ಸುಳ್ಳು ಹೇಳಿ ಮಾರಿದಂತೆ. ಅಲ್ಲಿ ಮನಸ್ಸು ಬದಲಾದ ಪ್ರಶ್ನೆಯೇ ಬರುವುದಿಲ್ಲ.

ಆದರೆ ಬಣ್ಣ ಇಷ್ಟವಾಗಲಿಲ್ಲ, ಅತ್ತೆಗೆ ಹಿಡಿಸಲಿಲ್ಲ, ಬೇರೆ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿತು ಎಂಬ ಕಾರಣಗಳಿಗೆ ಈ ಕಾಯಿದೆಯಲ್ಲಿ ರಕ್ಷಣೆ ಇಲ್ಲ. ಇಂಥ ಸಂದರ್ಭದಲ್ಲಿ ಅಂಗಡಿಯವರು ಬದಲಿ ಬಟ್ಟೆ ಅಥವಾ ಕ್ರೆಡಿಟ್ ನೋಟ್ ಕೊಟ್ಟರೆ ಅದು ಅವರ ಸೌಜನ್ಯ. ಆದರೆ '7 ದಿನಗಳಲ್ಲಿ ಬದಲಾಯಿಸಿ ಕೊಡಲಾಗುವುದು' ಎಂದು ಅವರೇ ಬಿಲ್ಲಿನಲ್ಲಿ ಅಥವಾ ಫಲಕದಲ್ಲಿ ಬರೆದಿದ್ದರೆ ಆ ಮಾತನ್ನು ಉಳಿಸಿಕೊಳ್ಳಬೇಕು.

ಹಾಗಾದರೆ ಮೊಬೈಲಿನಲ್ಲಿ ತರಿಸಿದ ಬಟ್ಟೆಯನ್ನು ಕಾರಣ ಕೇಳದೆ ಹಿಂದಕ್ಕೆ ಒಯ್ಯುತ್ತಾರಲ್ಲ ಎಂದು ನೀವು ಕೇಳಬಹುದು. ಅದು ಆಯಾ ಕಂಪೆನಿ ತಾನಾಗಿ ಕೊಟ್ಟ ಸೌಲಭ್ಯ, ಕಾನೂನಿನ ಕೊಡುಗೆಯಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾಲು ದೋಷವುಳ್ಳದ್ದು, ನಕಲಿ ಅಥವಾ ಜಾಹೀರಾತಿನಲ್ಲಿ ತೋರಿಸಿದಂತೆ ಇಲ್ಲದ್ದಾದರೆ, ಇಲ್ಲವೇ ಹೇಳಿದ ಸಮಯಕ್ಕೆ ತಲುಪದಿದ್ದರೆ ಮಾರಾಟಗಾರ ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ. ಹಿಂದಿರುಗಿಸುವ ಷರತ್ತುಗಳನ್ನು ಮೊದಲೇ ತಿಳಿಸಬೇಕು. ಅಲ್ಲಿಯೂ ಬರೀ ಮನಸ್ಸು ಬದಲಾದುದಕ್ಕೆ ಹಕ್ಕು ಇಲ್ಲ.

ನಮ್ಮ ಕರಾವಳಿಯ ಅನೇಕರು ದುಡಿಯುತ್ತಿರುವ ಇಂಗ್ಲೆಂಡಿನಲ್ಲಿ 2013ರ ನಿಯಮಗಳಂತೆ, ಆನ್‌ಲೈನಿನಲ್ಲಿ ಕೊಂಡ ಬಟ್ಟೆ ಕೈಸೇರಿದ ಮೇಲೆ ಖರೀದಿ ರದ್ದುಪಡಿಸಲು 14 ದಿನಗಳ ಅವಕಾಶವಿದೆ, ಕಾರಣ ಹೇಳಬೇಕಾಗಿಲ್ಲ. ಬಟ್ಟೆಯನ್ನು ಮುಟ್ಟಿ ನೋಡದೆ ಕೊಳ್ಳುತ್ತಾರೆ ಎಂಬುದೇ ಇದಕ್ಕೆ ಕಾರಣ. ಅಂಗಡಿಗೆ ಹೋಗಿ ನೋಡಿ ಕೊಂಡದ್ದಕ್ಕೆ ಅಲ್ಲಿಯೂ ಈ ಹಕ್ಕು ಇಲ್ಲ. ರಜೆಯಲ್ಲಿ ಊರಿಗೆ ಬಂದವರು 'ಅಲ್ಲಿ ಹಾಗೆ, ಇಲ್ಲಿ ಹೀಗೆ' ಎನ್ನುವ ಮೊದಲು ಇದನ್ನು ನೆನಪಿಡುವುದು ಒಳ್ಳೆಯದು.

ಹಾಗಾದರೆ ನಾವು ಮಾಡಬೇಕಾದುದೇನು? ಹಣ ಕೊಡುವ ಮೊದಲೇ 'ಬದಲಾಯಿಸಿ ಕೊಡುತ್ತೀರಾ, ಎಷ್ಟು ದಿನದೊಳಗೆ, ಹಣವೋ ಬದಲಿ ಬಟ್ಟೆಯೋ' ಎಂದು ಕೇಳಬೇಕು. ಒಪ್ಪಿದರೆ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಬೇಕು. ಬಾಯಿಮಾತಿಗೆ ಸಾಕ್ಷಿ ಸಿಗುವುದು ಕಷ್ಟ. ಸೀರೆಯನ್ನು ಬಾಗಿಲ ಬಳಿ ಹಗಲು ಬೆಳಕಿಗೆ ಹಿಡಿದು ನೋಡಬೇಕು. ಮನೆಯವರೆಲ್ಲ ಒಪ್ಪುವ ತನಕ ಚೀಟಿ ಕೀಳಬಾರದು, ತೊಳೆಯಬಾರದು, ರವಿಕೆಗೆ ಕತ್ತರಿ ಹಾಕಬಾರದು.

ದೋಷವಿದ್ದೂ ಅಂಗಡಿಯವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಎರಡು ವರ್ಷಗಳೊಳಗೆ ಮಂಗಳೂರು ಅಥವಾ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಬಟ್ಟೆ ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಹೊಸ ಕಾಯಿದೆಯಲ್ಲಿ ಅವಕಾಶವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ವಾರ್ಡಿನ ಸಭೆಗಳಲ್ಲಿ ಗುರಿಕಾರರು ಇಷ್ಟನ್ನು ತಿಳಿಸಿದರೆ ಹಲವರಿಗೆ ಉಪಕಾರವಾದೀತು.

ಕೊನೆಯದಾಗಿ ಒಂದು ಮಾತು. ಹಬ್ಬಕ್ಕೆ ಉಟ್ಟು ಮರುದಿನ 'ಬೇಡ' ಎಂದು ಹಿಂದಿರುಗಿಸುವವರೂ ನಮ್ಮ ನಡುವೆ ಇದ್ದಾರೆ. ಆ ನಷ್ಟ ಬೀಳುವುದು ಪೇಟೆಯ ಸಣ್ಣ ಜವಳಿ ಅಂಗಡಿಯವನ ತಲೆಯ ಮೇಲೆ. ಆಮೇಲೆ ಅವನು ಹಾಕುವ ಕಠಿಣ ನಿಯಮ, ನಿಜವಾಗಿ ಮೋಸಹೋದವರಿಗೂ ತಟ್ಟುತ್ತದೆ. ಹಕ್ಕನ್ನು ಕೇಳುವವರು ಅಂಗಡಿಯವರಿಗೂ ನ್ಯಾಯ ತೋರಿಸಬೇಕಲ್ಲವೇ?