ಹೆಸರೊಂದು, ಮನೆ ಹಲವು: ಜಪಾನಿನ ಸುಜುಕಿಗಳು

ನಮ್ಮ ಬೀದಿಗಳಲ್ಲಿ ಓಡಾಡುವ ಮೋಟಾರು ಬಂಡಿಗಳ ಹಿಂಬದಿಯಲ್ಲಿ 'ಸುಜುಕಿ' ಎಂಬ ಪದವನ್ನು ಓದದ ಗೃಹಸ್ಥರು ವಿರಳ. ಮಕ್ಕಳಿಗೆ ಪಿಟೀಲು ಕಲಿಸುವವರ ಬಾಯಲ್ಲಿಯೂ ಈ ಹೆಸರು ಬರುವುದು. ಬೌದ್ಧ ಗ್ರಂಥಗಳನ್ನು ಓದುವವರಿಗೂ, ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೂ ಇದು ಪರಿಚಿತವಾದುದೇ. ಹೀಗೆ ನಾನಾ ಕಡೆಗಳಲ್ಲಿ ಒಂದೇ ಹೆಸರನ್ನು ಕಂಡವರಿಗೆ, ಇವರೆಲ್ಲರೂ ಒಂದೇ ದೊಡ್ಡ ಮನೆತನಕ್ಕೆ ಸೇರಿದವರೋ ಏನೋ ಎಂಬ ಸಂದೇಹವು ಹುಟ್ಟುವುದು ಸಹಜ. ಆ ಸಂದೇಹವನ್ನು ಪರಿಹರಿಸುತ್ತ, ಅದರೊಡನೆ ಜಪಾನೀಯರ ಗೃಹವ್ಯವಸ್ಥೆಯ ಒಂದು ವಿಶೇಷವನ್ನೂ ವಾಚಕರ ಮುಂದಿಡುವುದು ಈ ತಿಂಗಳ ಲೇಖನದ ಉದ್ದೇಶ.

ಜಪಾನಿನಲ್ಲಿ ಮನೆತನದ ಹೆಸರನ್ನು ಮೊದಲು ಹೇಳಿ, ವ್ಯಕ್ತಿಯ ಹೆಸರನ್ನು ಅನಂತರ ಹೇಳುವರು. ಆ ದೇಶದಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು ಸಾತೊ. ಅದರ ಬೆನ್ನಿಗೇ ಬರುವುದು ಸುಜುಕಿ. ನೂರು ಮಂದಿ ಜಪಾನೀಯರನ್ನು ನಿಲ್ಲಿಸಿದರೆ ಅವರಲ್ಲಿ ಒಬ್ಬರಾದರೂ ಸುಜುಕಿ ಇರುವರೆಂದು ಲೆಕ್ಕ. ಬರವಣಿಗೆಯಲ್ಲಿ ಈ ಹೆಸರಿಗೆ ಎರಡು ಅಕ್ಷರಚಿಹ್ನೆಗಳು. ಒಂದರ ಅರ್ಥ ಗಂಟೆ, ಇನ್ನೊಂದರದು ಮರ. ಆದರೆ ಹೆಸರಿನ ಮೂಲವು ಗಂಟೆಯೂ ಅಲ್ಲ, ಮರವೂ ಅಲ್ಲ, ಬತ್ತದ ಮೆದೆ ಎಂದು ಪ್ರತೀತಿಯುಂಟು. ದಕ್ಷಿಣದ ಕುಮಾನೊ ಸೀಮೆಯಲ್ಲಿ ಕೊಯ್ದ ಪೈರನ್ನು ಕಂಬದ ಸುತ್ತ ಒಟ್ಟಿದ ಮೆದೆಗೆ ಇಂತಹುದೇ ಒಂದು ಮಾತು ರೂಢಿಯಲ್ಲಿತ್ತಂತೆ. ಅಲ್ಲಿನ ದೇವಾಲಯಗಳ ಅರ್ಚಕ ಮನೆತನವೊಂದು ಅದನ್ನೇ ಹೆಸರಾಗಿ ಧರಿಸಿತಂತೆ. ಕುಮಾನೊ ದೇವರ ಭಕ್ತಿಯು ಹರಡಿದಂತೆ ಹೆಸರೂ ಊರೂರಿಗೆ ಹರಡಿತು.

ಆದರೂ ಸಾಮಾನ್ಯ ಪ್ರಜೆಗಳಿಗೆ ಮನೆತನದ ಹೆಸರನ್ನು ಬಹಿರಂಗವಾಗಿ ಧರಿಸುವ ಹಕ್ಕು ಬಹುಕಾಲ ಇರಲಿಲ್ಲ. ಅದು ಸಮುರಾಯಿ ಎಂಬ ಯೋಧವರ್ಗದವರ ಮರ್ಯಾದೆಯಾಗಿತ್ತು. ಮೇಜಿ ಚಕ್ರವರ್ತಿಯ ಸರಕಾರವು ೧೮೭೦ರಲ್ಲಿ ಎಲ್ಲರಿಗೂ ಆ ಅನುಮತಿಯನ್ನು ಕೊಟ್ಟಿತು. ಜನರು ಹಿಂದೆಗೆದುದನ್ನು ಕಂಡು ೧೮೭೫ನೆಯ ಫೆಬ್ರವರಿಯಲ್ಲಿ, ಪ್ರತಿಯೊಬ್ಬರೂ ಮನೆತನದ ಹೆಸರನ್ನು ಇಟ್ಟುಕೊಳ್ಳಲೇಬೇಕೆಂದು ಆಜ್ಞೆ ಮಾಡಿತು. ಹಳೆಯ ಹೆಸರಿದ್ದವರು ಅದನ್ನೇ ಬರೆಯಿಸಿದರು. ಇಲ್ಲದವರು ಹೊಸದನ್ನು ಆರಿಸಿಕೊಂಡರು. ಆದುದರಿಂದ ಸುಜುಕಿ ಎಂಬುದು ನಮ್ಮ ಗೋತ್ರದಂತೆ ಮೂಲಪುರುಷನೊಬ್ಬನನ್ನು ಸೂಚಿಸುವ ಹೆಸರಲ್ಲ. ಮುಂದೆ ಹೇಳುವ ಮಹನೀಯರು ಒಬ್ಬರಿಗೊಬ್ಬರು ದಾಯಾದಿಗಳೆಂದು ವಾಚಕರು ಎಣಿಸಬೇಕಾಗಿಲ್ಲ.

ಮೊದಲು ನಮ್ಮ ಅಡಿಗೆಯ ಮನೆಗೆ ಸಂಬಂಧಿಸಿದವರನ್ನು ನೋಡೋಣ. ಸುಜುಕಿ ಉಮೆತಾರೊ ಅವರು ೧೮೭೪ರಲ್ಲಿ ಷಿಜುವೊಕಾ ಪ್ರಾಂತದ ಒಕ್ಕಲಿನ ಮನೆಯೊಂದರಲ್ಲಿ ಜನಿಸಿದರು. ತೋಕಿಯೊ ನಗರದಲ್ಲಿ ಕೃಷಿ ರಸಾಯನಶಾಸ್ತ್ರವನ್ನು ಓದಿ, ಜರ್ಮನಿಗೆ ಹೋಗಿ ಎಮಿಲ್ ಫಿಷರ್ ಎಂಬ ಪ್ರಖ್ಯಾತ ರಸಾಯನಜ್ಞರ ಬಳಿ ಕೆಲಸಮಾಡಿ, ೧೯೦೬ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ಆಗ ಜಪಾನನ್ನು ಬೆರಿಬೆರಿ ಎಂಬ ವ್ಯಾಧಿಯು ಪೀಡಿಸುತ್ತಿತ್ತು. ಕಾಲು ಜೋಮುಗಟ್ಟಿ, ಮೈ ಬಾತು, ಹೃದಯವು ಸೋತು ಮನುಷ್ಯನು ಸಾಯುತ್ತಿದ್ದನು. ೧೯೦೪-೦೫ರ ರಷ್ಯಾ ಯುದ್ಧದಲ್ಲಿ ಜಪಾನಿನ ಭೂಸೈನ್ಯದವರು ಇಪ್ಪತ್ತೈದು ಸಾವಿರಕ್ಕೂ ಮಿಗಿಲಾಗಿ ಈ ರೋಗದಿಂದಲೇ ಮಡಿದರು. ಅವರು ಉಂಡದ್ದು ಹೊಲಸು ಆಹಾರವಲ್ಲ. ಬೆಳ್ಳಗೆ ಮಲ್ಲಿಗೆಯಂತಿದ್ದ ಅಕ್ಕಿಯ ಅನ್ನವನ್ನು. ಬಿಳಿಯ ಅನ್ನವೇ ಸಿರಿವಂತಿಕೆಯ ಗುರುತೆಂದು ತಿಳಿದ ಜನ ತೌಡನ್ನೆಲ್ಲ ದನಕ್ಕೆ ಹಾಕಿ, ಸತ್ತ್ವವಿಲ್ಲದುದನ್ನು ತಾವು ಉಣ್ಣುತ್ತಿದ್ದರು.

ಅಂತಹ ಅಕ್ಕಿಯನ್ನೇ ತಿಂದು ಕಾಲುಬಿದ್ದ ಪಾರಿವಾಳಗಳಿಗೆ ತೌಡಿನಿಂದ ತೆಗೆದ ಸಾರವನ್ನು ಕೊಟ್ಟರೆ ಅವು ಚೇತರಿಸಿಕೊಳ್ಳುವುವೆಂಬುದನ್ನು ಉಮೆತಾರೊ ಅವರು ಪ್ರಯೋಗದಿಂದ ತೋರಿಸಿದರು. ಆ ಸಾರವು ಬರಿಯ ಔಷಧವಲ್ಲ, ಜೀವಕ್ಕೆ ನಿತ್ಯವೂ ಬೇಕಾದ ಆಹಾರಾಂಶವೆಂದು ೧೯೧೦ರಲ್ಲಿ ಸಾರಿದರು. ಬತ್ತದ ಲ್ಯಾಟಿನ್ ಹೆಸರನ್ನು ಹಿಡಿದು ಅದಕ್ಕೆ 'ಒರಿಜನಿನ್' ಎಂದು ಹೆಸರಿಟ್ಟರು. ಆದರೆ ಅವರ ಬರೆಹವಿದ್ದುದು ಜಪಾನಿ ಭಾಷೆಯಲ್ಲಿ. ಅದು ಜರ್ಮನ್ ಭಾಷೆಗೆ ಹೋದಾಗ ಮುಖ್ಯವಾದ ಮಾತೇ ಬಿಟ್ಟುಹೋಯಿತು. ಅವರು ವೈದ್ಯರಲ್ಲ, ವ್ಯವಸಾಯದ ರಸಾಯನಜ್ಞರು ಎಂಬ ಕಾರಣದಿಂದ ಸ್ವದೇಶದ ವೈದ್ಯರಲ್ಲಿ ಹಲವರು ಅವರನ್ನು ನಂಬಲಿಲ್ಲ. ೧೯೧೨ರಲ್ಲಿ ಕಾಸಿಮಿರ್ ಫಂಕ್ ಎಂಬವರು ಇಟ್ಟ 'ವಿಟಮಿನ್' ಎಂಬ ಹೆಸರೇ ಲೋಕದಲ್ಲಿ ನಿಂತಿತು. ೧೯೨೯ರ ನೊಬೆಲ್ ಪಾರಿತೋಷಕವು ಐಕ್ಮನ್, ಹಾಪ್ಕಿನ್ಸ್ ಎಂಬ ಇಬ್ಬರಿಗೆ ಸಂದಿತು. ಉಮೆತಾರೊ ಅವರು ೧೯೪೩ರಲ್ಲಿ ತೀರಿಕೊಂಡರು. ಅವರಿಗೆ ಸಲ್ಲಬೇಕಾದ ಕೀರ್ತಿಯನ್ನು ಲೋಕವು ತಡವಾಗಿ ಸಲ್ಲಿಸಿತು. ಕೊಟ್ಟಣದ ಅಕ್ಕಿಯ ಗುಣವನ್ನು ನಾವು ಇಂದು ಹೊಗಳುವಾಗ ಈ ಸುಜುಕಿಯವರನ್ನು ನೆನೆಯುವುದು ನ್ಯಾಯ.

ಎರಡನೆಯವರು ಸುಜುಕಿ ಕಾಂತಾರೊ. ಇವರು ಯೋಧವರ್ಗದ ಮನೆಯಲ್ಲಿ ೧೮೬೮ರಲ್ಲಿ ಹುಟ್ಟಿ, ನೌಕಾಸೈನ್ಯದಲ್ಲಿ ಅಡ್ಮಿರಲ್ ಪದವಿಗೇರಿ, ೧೯೨೯ರಿಂದ ಚಕ್ರವರ್ತಿಯ ಅರಮನೆಯಲ್ಲಿ ಉನ್ನತಾಧಿಕಾರಿಯಾಗಿದ್ದರು. ೧೯೩೬ನೆಯ ಫೆಬ್ರವರಿ ೨೬ರ ಮುಂಜಾನೆ ದಂಗೆಯೆದ್ದ ಸೈನಿಕರು ಇವರ ಮನೆಗೆ ನುಗ್ಗಿ ಗುಂಡು ಹಾರಿಸಿದರು. ರಕ್ತದಲ್ಲಿ ಬಿದ್ದಿದ್ದ ಪತಿಗೆ ಕೊನೆಯ ಪೆಟ್ಟನ್ನು ಹಾಕಬೇಡಿರೆಂದು ಪತ್ನಿ ತಾಕಾ ಎದುರು ನಿಂತು ಬೇಡಿದರು. ದಳದ ನಾಯಕನು ಮನಸ್ಸು ಬದಲಾಯಿಸಿ, ವಂದನೆ ಸಲ್ಲಿಸಿ ಹೊರಟುಹೋದನು. ಕಾಂತಾರೊ ಬದುಕಿದರು. ಈ ತಾಕಾ ಅವರು ಸುಜುಕಿ ಮನೆಯಲ್ಲಿ ಹುಟ್ಟಿದವರಲ್ಲ; ಅದಾಚಿ ಮನೆತನದ ಹೆಣ್ಣುಮಗಳು. ೧೯೦೫ರಿಂದ ಹತ್ತು ವರ್ಷ ಅರಮನೆಯಲ್ಲಿ ಬಾಲಕನಾಗಿದ್ದ ಹಿರೊಹಿತೊ ಚಕ್ರವರ್ತಿಯನ್ನು ಪಾಲಿಸಿ, ತರುವಾಯ ಕಾಂತಾರೊ ಅವರನ್ನು ವಿವಾಹವಾದವರು.

೧೯೪೫ನೆಯ ಏಪ್ರಿಲಿನಲ್ಲಿ, ತಮ್ಮ ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಕಾಂತಾರೊ ಅವರು ಪ್ರಧಾನಮಂತ್ರಿಗಳಾದರು. ಜುಲೈ ತಿಂಗಳ ಕೊನೆಯಲ್ಲಿ ಶತ್ರುಪಕ್ಷದವರು ಶರಣಾಗತಿಯನ್ನು ಕೇಳಿದಾಗ ಇವರು ಉತ್ತರದಲ್ಲಿ ಬಳಸಿದ 'ಮೊಕುಸಾತ್ಸು' ಎಂಬ ಪದವನ್ನು, ಅಂದರೆ ಮೌನದಿಂದ ಕಡೆಗಣಿಸುವುದೆಂಬ ಮಾತನ್ನು, ಲೋಕವು ನಿರಾಕರಣೆಯೆಂದೇ ತಿಳಿಯಿತು. ಆಗಸ್ಟ್ ೬ರಂದು ಹಿರೋಷಿಮಾ, ೯ರಂದು ನಾಗಸಾಕಿ ಸುಟ್ಟುಹೋದುವು. ಮಂತ್ರಾಲೋಚನೆಯ ಸಭೆಯು ಎರಡಾಗಿ ಒಡೆದುದನ್ನು ಕಂಡು ಕಾಂತಾರೊ ಅವರು ರೂಢಿಯನ್ನು ಮೀರಿ ಚಕ್ರವರ್ತಿಯ ತೀರ್ಮಾನವನ್ನೇ ಬೇಡಿದರು, ಯುದ್ಧವು ನಿಂತಿತು. ಶರಣಾಗತಿಯ ದಿನ ಅದನ್ನೊಪ್ಪದವರು ಅವರ ಮನೆಗೆ ಬೆಂಕಿಯಿಟ್ಟರು. ಹೇಳಿದ ಒಂದು ಮಾತಿಗಾಗಿ ನಿಂದೆಗೂ, ಕೊನೆಗೆ ಮಾಡಿದ ಕಾರ್ಯಕ್ಕಾಗಿ ಪ್ರಶಂಸೆಗೂ ಪಾತ್ರರಾದ ಅವರು ೧೯೪೮ರಲ್ಲಿ ನಿಧನ ಹೊಂದಿದರು.

ಇನ್ನು ಮೋಟಾರು ಬಂಡಿಯ ಸುಜುಕಿಯವರು. ಹಮಮಾತ್ಸು ಎಂಬ ಊರಿನ ಬಳಿ ೧೮೮೭ರಲ್ಲಿ ಹುಟ್ಟಿದ ಸುಜುಕಿ ಮಿಚಿಯೊ ಅವರು ಬಡಗಿಯ ಬಳಿ ಕೆಲಸ ಕಲಿತು, ೧೯೦೯ರಲ್ಲಿ ಮಗ್ಗಗಳ ಕಾರ್ಖಾನೆಯನ್ನು ಸ್ಥಾಪಿಸಿದರು. ಬಟ್ಟೆಯ ವ್ಯಾಪಾರ ಕುಗ್ಗಿದಾಗ ಆ ಕಾರ್ಖಾನೆಯು ೧೯೫೨ರಲ್ಲಿ ಯಂತ್ರ ಜೋಡಿಸಿದ ಬೈಸಿಕಲ್ಲನ್ನೂ ೧೯೫೫ರಲ್ಲಿ ಪುಟ್ಟ ಕಾರನ್ನೂ ಹೊರತಂದಿತು. ಇಲ್ಲಿಯ ವಿಶೇಷವೇನೆಂದರೆ, ಮಿಚಿಯೊ ಅವರ ತರುವಾಯ ಅಧಿಕಾರಕ್ಕೆ ಬಂದವರು ಅವರ ಅಳಿಯ ಷುಂಜೊ; ಮುಂದೆ ೧೯೭೮ರಲ್ಲಿ ಮುಖ್ಯಸ್ಥರಾದವರು ಷುಂಜೊ ಅವರ ಅಳಿಯ ಒಸಾಮು. ಜಪಾನಿನಲ್ಲಿ ಮನೆಯಳಿಯನನ್ನು ಮಗನಾಗಿ ದತ್ತು ತೆಗೆದುಕೊಂಡು ಮನೆತನದ ಹೆಸರನ್ನೇ ಅವನಿಗೆ ಕೊಡುವ ಪದ್ಧತಿಯುಂಟು. ಹುಟ್ಟಿದಾಗ ಒಸಾಮು ಅವರದು ಮಾತ್ಸುದಾ ಮನೆತನ, ಬ್ಯಾಂಕಿನ ನೌಕರರಾಗಿದ್ದರು. ೧೯೫೮ರಲ್ಲಿ ಮಿಚಿಯೊ ಅವರ ಮೊಮ್ಮಗಳ ಕೈಹಿಡಿದು ಸುಜುಕಿಯಾದರು. ೧೯೮೨ರಲ್ಲಿ ನಮ್ಮ ದೇಶದ ಮಾರುತಿ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡವರು ಇವರೇ. ಮರುವರ್ಷವೇ ಮಧ್ಯಮವರ್ಗದ ಗೃಹಸ್ಥನ ಕೈಗೆ ಎಟಕುವ ಕಾರು ಹೊರಬಂದಿತು. ೨೦೨೪ನೆಯ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ ಭಾರತ ಸರಕಾರವು ೨೦೨೫ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯನ್ನು ಸಲ್ಲಿಸಿತು. ಸುಜುಕಿ ಎಂಬ ಹೆಸರನ್ನು ನಮ್ಮ ಬೀದಿಗಳಿಗೆ ತಂದವರು, ಆ ಹೆಸರಿನಲ್ಲಿ ಹುಟ್ಟಿದವರಲ್ಲ!

ಪಿಟೀಲಿನ ಸುಜುಕಿಯವರದು ಬೇರೆಯ ಮನೆ. ನಾಗೋಯಾ ಪಟ್ಟಣದ ಸುಜುಕಿ ಮಾಸಾಕಿಚಿ ಅವರು ನಾಡವಾದ್ಯಗಳನ್ನು ಮಾಡುತ್ತಿದ್ದವರು ಪಿಟೀಲು ತಯಾರಿಸುವುದರಲ್ಲಿ ಪ್ರಸಿದ್ಧರಾದರು. ಅವರ ಮಗ ಷಿನಿಚಿ (೧೮೯೮–೧೯೯೮) ಬರ್ಲಿನಿನಲ್ಲಿ ಸಂಗೀತವನ್ನು ಕಲಿತು, ಜರ್ಮನಿಯ ವಾಲ್ಟ್ರೌಡ್ ಎಂಬವರನ್ನು ೧೯೨೮ರಲ್ಲಿ ವರಿಸಿದರು. ಪ್ರತಿಯೊಂದು ಶಿಶುವೂ ಕಷ್ಟವಾದ ತನ್ನ ತಾಯ್ನುಡಿಯನ್ನು ಬೇಸರವಿಲ್ಲದೆ ಕಲಿಯುವುದನ್ನು ನೋಡಿ, ಸಂಗೀತವನ್ನೂ ಹಾಗೆಯೇ ಏಕೆ ಕಲಿಸಬಾರದೆಂದು ಅವರು ಯೋಚಿಸಿದರು. ಪ್ರತಿಭೆಯು ಹುಟ್ಟಿನಿಂದ ಬರತಕ್ಕದ್ದಲ್ಲ, ಸುತ್ತಣ ವಾತಾವರಣದಿಂದಲೂ ನಿತ್ಯದ ಅಭ್ಯಾಸದಿಂದಲೂ ಬೆಳೆಯತಕ್ಕದ್ದು ಎಂಬುದು ಅವರ ನಂಬಿಕೆ. ಅವರ ಕ್ರಮದಲ್ಲಿ ಮಗುವಿಗಿಂತ ಮುಂಚೆ ತಾಯಿಯೇ ವಾದ್ಯವನ್ನು ಹಿಡಿಯಬೇಕು. ಮಗು ಮೊದಲು ಕೇಳಬೇಕು, ಬಳಿಕ ನುಡಿಸಬೇಕು, ಓದುವುದು ಕಡೆಗೆ. ಯುದ್ಧದಿಂದ ಹಾಳಾದ ದೇಶದಲ್ಲಿ ೧೯೪೬ರಲ್ಲಿ ಮಾತ್ಸುಮೊತೊ ಎಂಬ ಊರಿನಲ್ಲಿ ಪ್ರಾರಂಭವಾದ ಈ ಕಾರ್ಯವು ಇಂದು ಹಲವು ದೇಶಗಳಿಗೆ ಹಬ್ಬಿದೆ.

ಇನ್ನೂ ಕೆಲವರನ್ನು ಹೆಸರಿಸದೆ ಬಿಡುವಂತಿಲ್ಲ. ಝೆನ್ ಬೌದ್ಧಮತವನ್ನು ಇಂಗ್ಲಿಷಿನಲ್ಲಿ ಬರೆದು ಪಾಶ್ಚಾತ್ಯರಿಗೆ ತಿಳಿಯಪಡಿಸಿದ ಸುಜುಕಿ ದೈಸೆತ್ಸು ಅವರು ೧೯೬೬ರಲ್ಲಿ ತೀರಿಕೊಂಡರು. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅದೇ ಮತದ ಗುರುಗಳಾಗಿದ್ದ ಸುಜುಕಿ ಷುನ್ರ್ಯು ಅವರು ೧೯೭೧ರಲ್ಲಿ ಗತಿಸಿದರು. ಜನ ಇಬ್ಬರನ್ನೂ ಒಬ್ಬರೆಂದೇ ತಿಳಿಯುತ್ತಿದ್ದುದರಿಂದ, ದೊಡ್ಡ ಸುಜುಕಿ ಅವರು, ತಾವು ಚಿಕ್ಕವರು ಎಂದು ಎರಡನೆಯವರು ನಗುತ್ತ ಹೇಳುತ್ತಿದ್ದರಂತೆ. ಸುಜುಕಿ ಅಕಿರಾ ಅವರು ೧೯೭೯ರಲ್ಲಿ ಪ್ರಕಟಿಸಿದ ರಾಸಾಯನಿಕ ಸಂಯೋಗದ ಕ್ರಮವು ಔಷಧಗಳ ತಯಾರಿಕೆಗೆ ಬಹಳ ಉಪಯೋಗವಾಯಿತು. ಅದರ ಹಕ್ಕನ್ನು ಅವರು ತಮಗೆ ಕಾದಿರಿಸಿಕೊಳ್ಳದೆ ಎಲ್ಲರಿಗೂ ಬಿಟ್ಟರು. ೨೦೧೦ರಲ್ಲಿ ಇತರ ಇಬ್ಬರೊಡನೆ ನೊಬೆಲ್ ಪಾರಿತೋಷಕವನ್ನು ಪಡೆದರು.

ಈಗ ಗೃಹಸ್ಥರು ಯೋಚಿಸಬೇಕಾದ ವಿಷಯಕ್ಕೆ ಬರೋಣ. ತಾಕಾ, ಒಸಾಮು, ವಾಲ್ಟ್ರೌಡ್ ಈ ಮೂವರೂ ತಮ್ಮ ಹುಟ್ಟುಹೆಸರನ್ನು ಬಿಟ್ಟು ಸುಜುಕಿಗಳಾದವರು. ಜಪಾನಿನ ಕಾನೂನಿನ ಪ್ರಕಾರ ಮದುವೆಯಾದ ದಂಪತಿಗಳಿಗೆ ಒಂದೇ ಮನೆತನದ ಹೆಸರಿರತಕ್ಕದ್ದು. ಯಾರ ಹೆಸರನ್ನಾದರೂ ಇಟ್ಟುಕೊಳ್ಳಬಹುದೆಂದು ೧೯೪೭ರಲ್ಲಿ ತಿದ್ದಿದ ಕಾನೂನು ಹೇಳಿದರೂ, ನೂರರಲ್ಲಿ ಸುಮಾರು ತೊಂಬತ್ತೈದು ಮನೆಗಳಲ್ಲಿ ಹೆಸರು ಬಿಡುವವಳು ಹೆಂಡತಿಯೇ. ಇದು ಸನಾತನವಾದ ಆಚಾರವೆಂದು ವಾದಿಸುವವರುಂಟು. ಆದರೆ ೧೮೭೬ರ ಸರಕಾರಿ ಆಜ್ಞೆಯು ಮದುವೆಯಾದ ಹೆಂಗಸು ತವರಿನ ಹೆಸರನ್ನೇ ಇಟ್ಟುಕೊಳ್ಳಬೇಕೆಂದು ಹೇಳಿತ್ತು. ಗಂಡನ ಮನೆಯ ಹೆಸರನ್ನು ವಿಧಿಸಿದುದು ೧೮೯೮ರ ಸಂಹಿತೆ.

ವಿದ್ಯೆ ಕಲಿತು, ಹೆಸರಿನಿಂದ ಗ್ರಂಥಗಳನ್ನು ಬರೆದು, ವೈದ್ಯೆಯಾಗಿಯೋ ಅಧ್ಯಾಪಕಿಯಾಗಿಯೋ ಗೌರವ ಸಂಪಾದಿಸಿದ ಹೆಣ್ಣುಮಗಳು ಮದುವೆಯ ದಿನ ಆ ಹೆಸರನ್ನು ಕಳೆದುಕೊಳ್ಳುವುದು ಸಣ್ಣ ನಷ್ಟವೆ? ಇಷ್ಟವಿದ್ದವರು ಬೇರೆ ಬೇರೆ ಹೆಸರುಗಳನ್ನು ಉಳಿಸಿಕೊಳ್ಳಲೆಂದು ನ್ಯಾಯಶಾಖೆಯ ಸಲಹಾಮಂಡಲಿಯು ೧೯೯೬ರಲ್ಲಿಯೇ ಸೂಚಿಸಿತು. ಆದರೂ ೨೦೧೫ರಲ್ಲಿಯೂ ೨೦೨೧ರಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಇರುವ ಕಾನೂನನ್ನೇ ಎತ್ತಿಹಿಡಿಯಿತು. ೨೦೧೫ರಲ್ಲಿ ಪೀಠದಲ್ಲಿದ್ದ ಮೂವರು ಮಹಿಳಾ ನ್ಯಾಯಮೂರ್ತಿಗಳೂ ಅದಕ್ಕೆ ಸಮ್ಮತಿಸಲಿಲ್ಲವೆಂಬುದು ಗಮನಾರ್ಹ. ಈ ಕಾನೂನು ಹೀಗೆಯೇ ನಡೆದರೆ ೨೫೩೧ನೆಯ ಇಸವಿಯ ಹೊತ್ತಿಗೆ ಜಪಾನೀಯರೆಲ್ಲರೂ ಸಾತೊ ಆಗಿಬಿಡುವರೆಂದು ತೊಹೊಕು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೊಬ್ಬರು ೨೦೨೪ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆಗ ಸುಜುಕಿಯೆಂಬವರೂ ಇರಲಾರರು!

ಮನೆತನದ ಹೆಸರು ಒಳ್ಳೆಯದೇ. ಅದು ಮನೆಯವರನ್ನು ಕೂಡಿಸುವುದು. ಆದರೆ ಸುಜುಕಿ ಎಂಬ ಹೆಸರಿಗೆ ಗೌರವ ಬಂದುದು ಒಂದೇ ರಕ್ತದಿಂದಲ್ಲ. ಒಕ್ಕಲಿಗನ ಮಗ, ಯೋಧನ ಮಗ, ಬಡಗಿ, ವಾದ್ಯಗಾರ, ಹೊರಗಿನಿಂದ ಬಂದ ಸೊಸೆ, ಹೊರಗಿನಿಂದ ಬಂದ ಅಳಿಯ, ಇವರೆಲ್ಲರ ದುಡಿಮೆಯಿಂದ ಅದು ಬಂದಿತು. ಮನೆಗೆ ಬಂದು ಮನೆಯನ್ನು ಬೆಳಗುವವರು ತವರಿನ ಹೆಸರನ್ನು ಉಳಿಸಿಕೊಂಡೇ ಬರಬಯಸಿದರೆ, ಅದರಿಂದ ಮನೆಯ ದೀಪವೇನೂ ಮಂಕಾಗದು. ಮಗಳಿಗೆ ಮದುವೆ ಮಾಡುವ ತಂದೆತಾಯಿಗಳೂ ಸೊಸೆಯನ್ನು ಬರಮಾಡಿಕೊಳ್ಳುವ ಅತ್ತೆಮಾವಂದಿರೂ, ಅವರು ಯಾವ ದೇಶದವರೇ ಆಗಿರಲಿ, ಇದನ್ನು ಒಮ್ಮೆ ಸಮಾಧಾನವಾಗಿ ವಿಚಾರಮಾಡುವುದು ಒಳ್ಳೆಯದು.